ಲಂಡನ್ನಿಗೆ ಹೊರಟವರು ಯಾವ ಗೈಡ್ ಪುಸ್ತಕ ಕೊಳ್ಳಬೇಕು?

ಪ್ರಶ್ನೆ: ನಾನು ಚಿಂತಾಮಣಿಯವನು, ನಿವೃತ್ತ ಪ್ರೌಢಶಾಲಾ ಶಿಕ್ಷಕ, ಇತಿಹಾಸ ಕಲಿಸುತ್ತಿದ್ದೆ. ಬರುವ ಮೇ ತಿಂಗಳಲ್ಲಿ ನಾನೂ ನನ್ನ ಮನೆಯವರೂ ಮೂರು ವಾರ ಲಂಡನ್ನಿನ ಇಲ್‌ಫರ್ಡ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಮಗ, ಸೊಸೆ ಇಬ್ಬರಿಗೂ ಕೆಲಸವಿರುವುದರಿಂದ ವಾರದ ದಿನಗಳಲ್ಲಿ ನಾವಿಬ್ಬರೇ ಓಡಾಡಬೇಕು. ಮನೆಯವರಿಗೆ ಮಂಡಿನೋವಿದೆ. ಇಬ್ಬರೂ ಮೊಟ್ಟೆ ಮುಟ್ಟದ ಸಸ್ಯಾಹಾರಿಗಳು. ಬೆಂಗಳೂರಿನ ಅಂಗಡಿಯೊಂದರಲ್ಲಿ ಲಂಡನ್ ಕುರಿತ ಐದಾರು ಗೈಡ್ ಪುಸ್ತಕಗಳನ್ನು ತಿರುವಿ ಹಾಕಿ, ಯಾವುದೆಂದು ತಿಳಿಯದೆ ಬರಿಗೈಯಲ್ಲಿ ಬಂದೆ. ಫೋನ್ ಇರುವಾಗ ಪುಸ್ತಕವೇಕೆ ಎನ್ನುತ್ತಾನೆ ಮಗ. ತಮ್ಮ ಸಲಹೆ ಏನು?

ಉತ್ತರ: ಮಾನ್ಯರೇ, ತಮ್ಮ ಮಗ ಹೇಳುವುದು ಅರ್ಧ ಸರಿ. ರೈಲು ಎಷ್ಟು ಹೊತ್ತಿಗೆ, ಇವತ್ತು ಮ್ಯೂಸಿಯಂ ತೆರೆದಿದೆಯೇ, ಈ ಬೀದಿಯಿಂದ ಆ ಬೀದಿಗೆ ದಾರಿ ಯಾವುದು ಎಂಬಂಥ ಪ್ರಶ್ನೆಗಳಲ್ಲಿ ಫೋನನ್ನು ಮೀರಿಸುವ ಪುಸ್ತಕವಿಲ್ಲ. ಆದರೆ ಫೋನು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಕಾಣದ ಊರಿನಲ್ಲಿ ಏನನ್ನು ಕೇಳಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ, ಯಾವ ಎರಡು ಜಾಗಗಳು ಅಕ್ಕಪಕ್ಕದಲ್ಲಿದ್ದು ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತವೆ ಎಂಬುದನ್ನು ಆ ಊರನ್ನು ಬಲ್ಲವರೊಬ್ಬರು ಕೂತು ಆರಿಸಿ, ಜೋಡಿಸಿ, ಇಷ್ಟೇ ಪುಟದೊಳಗೆ ಮುಗಿಸಬೇಕೆಂಬ ಕಟ್ಟಿನಲ್ಲಿ ಬರೆದಿರುವುದು ಒಳ್ಳೆಯ ಪುಸ್ತಕದಲ್ಲಿ ಸಿಗುತ್ತದೆ. ಆದ್ದರಿಂದ ಪುಸ್ತಕ ಬೇಕು. ಹೊಸದಾಗಿ ಕೊಳ್ಳುವುದು ಒಂದೇ ಸಾಕು. ಅದು ಯಾವುದೆಂಬುದು ತಾವಿಬ್ಬರೂ ಅಲ್ಲಿ ಹೇಗೆ ದಿನ ಕಳೆಯುತ್ತೀರಿ ಎಂಬುದನ್ನು ಅವಲಂಬಿಸಿದೆ.

ತಾವು ನೋಡಿದ ಪುಸ್ತಕಗಳಲ್ಲಿ ಹೆಚ್ಚಿನವು ಹೋಟೆಲಿನಲ್ಲಿ ಇಳಿದುಕೊಂಡು ಮೂರು ನಾಲ್ಕು ದಿನ ಸುತ್ತಿ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ತಮ್ಮ ಲೆಕ್ಕ ಬೇರೆ. ಮಗನ ಮನೆಯಿರುವುದರಿಂದ ವಸತಿಯ ಪುಟಗಳಿಗೆ ಕೊಡುವ ಹಣ ದಂಡ. ‘ಎರಡು ದಿನದಲ್ಲಿ ಲಂಡನ್’ ಎಂಬ ಮಾದರಿಯ ಓಟದ ಪಟ್ಟಿಗಳೂ ಬೇಕಿಲ್ಲ. ಮೂರು ವಾರ ಒಂದೇ ಮನೆಯಲ್ಲಿ ಇರುವವರು ದಿನಕ್ಕೊಂದು ಬಡಾವಣೆ ಎಂದಿಟ್ಟುಕೊಂಡು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು ಸಂಜೆಯೊಳಗೆ ಹಿಂದಿರುಗುವುದು ಸುಖ. ಅಂಥವರಿಗೆ ಬೇಕಾದದ್ದು ನಗರವನ್ನು ಬಡಾವಣೆವಾರು ವಿಂಗಡಿಸಿ, ಒಂದೊಂದಕ್ಕೂ ಪ್ರತ್ಯೇಕ ನಕ್ಷೆ ಕೊಟ್ಟ ಪುಸ್ತಕ. ದೇವಾಲಯ, ಅರಮನೆ, ಅಂಗಡಿ, ಊಟ ಎಂದು ವಿಷಯವಾರು ಹಂಚಿದ ಪುಸ್ತಕ ಓದಲು ಚೆಂದವಿದ್ದರೂ, ದಾರಿಯಲ್ಲಿ ನಿಂತು ಒಂದು ಜಾಗದ ಸಲುವಾಗಿ ನಾಲ್ಕು ಕಡೆ ಪುಟ ಮಗುಚಬೇಕಾಗುತ್ತದೆ. ಇನ್ನು ತೂಕದ ಬಗ್ಗೆ ತಾವು ಹೆಚ್ಚು ಚಿಂತಿಸಬೇಕಿಲ್ಲ. ಪುಸ್ತಕ ಮನೆಯ ಮೇಜಿನ ಮೇಲೇ ಇರಲಿ. ಆಯಾ ದಿನಕ್ಕೆ ಬೇಕಾದ ನಾಲ್ಕಾರು ಪುಟಗಳನ್ನು ಝೆರಾಕ್ಸ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡರಾಯಿತು. ಪ್ರವಾಸಿಗರಲ್ಲಿ ಕೆಲವರು ಬೇಕಾದ ಪುಟಗಳನ್ನೇ ಹರಿದು ಒಯ್ಯುತ್ತಾರೆ. ಸರಸ್ವತಿ ಪೂಜೆ ಮಾಡುವ ಮನೆಯಲ್ಲಿ ಬೆಳೆದ ನಮಗೆ ಅದಕ್ಕೆ ಕೈ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಈಗ ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಮಾಡಬೇಕಾದ ಕೆಲಸ. ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಕೆಲಸ ಮಾಡಿದ ನನ್ನಂಥವರು ಮೊದಲು ತೆರೆಯುವುದು ಶೀರ್ಷಿಕೆ ಪುಟದ ಬೆನ್ನನ್ನು. ಕೆಲವು ಮಾಲೆಗಳಲ್ಲಿ ಅದು ಪುಸ್ತಕದ ಕೊನೆಗೆ ಹೋಗಿರುತ್ತದೆ. ಎಷ್ಟನೆಯ ಆವೃತ್ತಿ, ಯಾವ ವರ್ಷದ್ದು ಎಂಬುದು ಅಲ್ಲಿರುತ್ತದೆ. ಪರಿಷ್ಕರಿಸಿದ ಆವೃತ್ತಿಗೂ ಹಳೆಯದರ ಮರುಮುದ್ರಣಕ್ಕೂ ಇರುವ ವ್ಯತ್ಯಾಸವನ್ನು ತಮಗೆ ವಿವರಿಸಬೇಕಿಲ್ಲ. ಲೇಖಕರು ಊರು ಸುತ್ತಿ ಮಾಹಿತಿ ಕಲೆಹಾಕಿ, ಸಂಪಾದನೆ ಮುಗಿದು, ಅಚ್ಚಾಗಿ, ಹಡಗಿನಲ್ಲಿ ಬೆಂಗಳೂರಿಗೆ ಬರುವಷ್ಟರಲ್ಲಿ ಒಂದು ವರ್ಷವಾದರೂ ಕಳೆದಿರುತ್ತದೆ ಎಂಬುದನ್ನು ಆ ವರ್ಷಕ್ಕೆ ಸೇರಿಸಿಕೊಳ್ಳಿ.

ಅಚ್ಚಾದ ವರ್ಷವನ್ನು ನಂಬಿ ಕೂರಬೇಕಿಲ್ಲ; ಒಳಗಿನ ಪುಟಗಳೇ ಸಾಕ್ಷಿ ಹೇಳುತ್ತವೆ. ಲಂಡನ್ನಿನ ಮಟ್ಟಿಗೆ ಮೂರು ಗುರುತುಗಳನ್ನು ಹುಡುಕಿ. ಮೊದಲನೆಯದು ಎಲಿಜಬೆತ್ ಲೈನ್. ಊರಿನ ಪೂರ್ವ ಪಶ್ಚಿಮಗಳನ್ನು ಸುರಂಗದ ಮೂಲಕ ಜೋಡಿಸುವ ಈ ರೈಲು ಮಾರ್ಗದ ನಡುಭಾಗ ತೆರೆದದ್ದು 2022ರ ಮೇ 24ರಂದು. ತಮ್ಮ ಮಗನ ಇಲ್‌ಫರ್ಡ್ ಈ ಮಾರ್ಗದ ಮೇಲೇ ಇದೆ. ನಕ್ಷೆಯಲ್ಲಿ ಆ ನೇರಳೆ ಗೆರೆ ಇಲ್ಲದ ಪುಸ್ತಕ ತಮ್ಮ ಓಡಾಟದ ಮಟ್ಟಿಗೆ ಕುರುಡು. ಎರಡನೆಯದು ಮ್ಯೂಸಿಯಂ ಆಫ್ ಲಂಡನ್. ಲಂಡನ್ ವಾಲ್ ಎಂಬಲ್ಲಿದ್ದ ಅದು ಸ್ಮಿತ್‌ಫೀಲ್ಡ್‌ನ ಹಳೆಯ ಮಾರುಕಟ್ಟೆ ಕಟ್ಟಡಗಳಿಗೆ ಸ್ಥಳಾಂತರವಾಗುವ ಸಲುವಾಗಿ 2022ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಇತಿಹಾಸದ ಮೇಷ್ಟರನ್ನು ಲಂಡನ್ ವಾಲ್‌ನ ಮುಚ್ಚಿದ ಬಾಗಿಲಿಗೆ ಕಳಿಸುವ ಪುಸ್ತಕವನ್ನು ಅಲ್ಲೇ ಕಪಾಟಿಗೆ ಹಿಂದಿರುಗಿಸಿ. ಮೂರನೆಯದು ಓವರ್‌ಗ್ರೌಂಡ್ ರೈಲುಗಳು. ಒಂದೇ ಕಿತ್ತಳೆ ಬಣ್ಣದಲ್ಲಿದ್ದ ಆ ಜಾಲದ ಆರು ಮಾರ್ಗಗಳಿಗೆ 2024ರ ನವೆಂಬರ್‌ನಲ್ಲಿ ಬೇರೆ ಬೇರೆ ಹೆಸರು, ಬಣ್ಣ ಕೊಟ್ಟರು. ನಕ್ಷೆಯಲ್ಲಿ ಮಿಲ್ಡ್‌ಮೇ, ವಿಂಡ್‌ರಶ್, ಸಫ್ರಜೆಟ್ ಎಂಬ ಹೆಸರುಗಳು ಕಂಡರೆ ಆ ಪುಸ್ತಕವನ್ನು ಈಚೆಗೆ ತಿದ್ದಿದ್ದಾರೆಂದು ಧೈರ್ಯವಾಗಿ ತಿಳಿಯಬಹುದು.

ಇನ್ನು ಮಾಲೆಗಳ ಸ್ವಭಾವ. ಡಿಕೆ ಐವಿಟ್ನೆಸ್ ಮಾಲೆ ಕಣ್ಣಿನ ಮೂಲಕ ಹೇಳುವಂಥದ್ದು. ದೊಡ್ಡ ಕಟ್ಟಡಗಳ ಗೋಡೆ ಬಿಚ್ಚಿಟ್ಟಂತೆ ಬರೆದ ಒಳನೋಟದ ಚಿತ್ರಗಳು, ಮ್ಯೂಸಿಯಂಗಳ ಮಹಡಿವಾರು ನಕ್ಷೆಗಳು ಅದರ ಲಕ್ಷಣ, ಬರವಣಿಗೆ ಚುಟುಕು. ಲೋನ್ಲಿ ಪ್ಲಾನೆಟ್‌ನ ಬಲ ವ್ಯವಹಾರ ಜ್ಞಾನ: ಎಲ್ಲಿ ತಿನ್ನುವುದು, ಹೇಗೆ ಹೋಗುವುದು, ಎಲ್ಲಿ ದುಡ್ಡು ಉಳಿಯುತ್ತದೆ. ಕೈಚೀಲ ಹೊತ್ತು ಊರೂರು ಅಲೆಯುವ ಯುವಕರಿಗಾಗಿ 1970ರ ದಶಕದಲ್ಲಿ ಹುಟ್ಟಿದ ಮಾಲೆ ಅದು. ಈಗ ಎಲ್ಲ ವಯಸ್ಸಿನವರನ್ನೂ ನೋಡಿಕೊಳ್ಳುತ್ತದೆಯಾದರೂ ರಾತ್ರಿಯ ಪಾನಗೃಹಗಳಿಗೆ ಕೊಡುವ ಪುಟ ತಮಗೆ ಅಷ್ಟಾಗಿ ಉಪಯೋಗಕ್ಕೆ ಬಾರದು. ರಫ್ ಗೈಡ್ ಹಿನ್ನೆಲೆಯನ್ನು ಹೆಚ್ಚು ಹೇಳುತ್ತದೆ, ಚಿತ್ರ ಕಡಿಮೆ. ಅಮೆರಿಕದ ರಿಕ್ ಸ್ಟೀವ್ಸ್ ಅವರ ಮಾಲೆ ‘ಇದನ್ನು ನೋಡಿ, ಇದನ್ನು ಬಿಡಿ’ ಎಂದು ಮುಲಾಜಿಲ್ಲದೆ ಹೇಳುತ್ತದೆ. ಮ್ಯೂಸಿಯಂ ಒಳಗೆ ಯಾವ ಕೋಣೆಯಿಂದ ಯಾವ ಕೋಣೆಗೆ ನಡೆಯಬೇಕೆಂದು ಕೈ ಹಿಡಿದು ಕರೆದೊಯ್ಯುವ ಅಧ್ಯಾಯಗಳು ಅದರ ವಿಶೇಷವಾದರೆ, ಅಮೆರಿಕದವರ ಅಚ್ಚರಿಗಳನ್ನೇ ಎಲ್ಲರ ಅಚ್ಚರಿಯೆಂದುಕೊಳ್ಳುವುದು ಅದರ ದೋಷ. ಮಿಷೆಲಿನ್‌ನ ಹಸಿರು ಪುಸ್ತಕಗಳು ನೋಡತಕ್ಕ ಜಾಗಗಳಿಗೆ ಒಂದರಿಂದ ಮೂರು ನಕ್ಷತ್ರ ಕೊಡುತ್ತವೆ; 19ನೆಯ ಶತಮಾನದಲ್ಲಿ ಜರ್ಮನಿಯ ಬೇಡೆಕರ್ ಕೈಪಿಡಿಗಳು ಪ್ರಚಾರಕ್ಕೆ ತಂದ ಪದ್ಧತಿಯ ಮುಂದುವರಿಕೆ ಇದು. ಬ್ಲೂ ಗೈಡ್ ಎಂಬುದು ಪಂಡಿತರ ಮಾಲೆ. 1918ರಲ್ಲಿ ಅದರ ಮೊದಲ ಪುಸ್ತಕ ಹೊರಬಂದದ್ದೇ ಲಂಡನ್ ಕುರಿತಾಗಿ. ಶಿಲ್ಪ, ವಾಸ್ತು, ರಾಜವಂಶಗಳ ವಿವರ ಬೇಕಾದವರಿಗೆ ಅದಕ್ಕೆ ಸಾಟಿಯಿಲ್ಲ, ಆದರೆ ಅಕ್ಷರ ಒತ್ತೊತ್ತು, ಇಂಗ್ಲಿಷೂ ಬಿಗಿ. ತಮಗೆ ಆಸೆ ಹುಟ್ಟಿಸುವುದು ಅದೇ ಎಂದು ನನ್ನ ಊಹೆ. ಅದಕ್ಕೆ ಬೇರೆ ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಹೀಗೆ ಸ್ವಭಾವ ತಿಳಿದ ಮೇಲೂ ನಂಬಿಕೆಯ ಪ್ರಶ್ನೆ ಉಳಿಯುತ್ತದೆ. ಲಂಡನ್ ನೋಡದವರು ಲಂಡನ್ ಪುಸ್ತಕದ ಸರಿತಪ್ಪನ್ನು ತೂಗುವುದು ಹೇಗೆ? ನಾನು ಎಲ್ಲರಿಗೂ ಹೇಳುವ ಉಪಾಯವೆಂದರೆ, ಅದೇ ಮಾಲೆಯ ಭಾರತದ ಅಥವಾ ದಕ್ಷಿಣ ಭಾರತದ ಪುಸ್ತಕ ಪಕ್ಕದ ಕಪಾಟಿನಲ್ಲಿ ಇದ್ದೇ ಇರುತ್ತದೆ, ಅದನ್ನು ತೆಗೆದು ನಮ್ಮ ಸೀಮೆಯ ಪುಟವನ್ನು ಓದುವುದು. ನಂದಿ ಬೆಟ್ಟದ ಬಗ್ಗೆ ಏನು ಬರೆದಿದ್ದಾರೆ ನೋಡಿ. ಸೂರ್ಯೋದಯ ರಮ್ಯ ಎಂದು ಎಲ್ಲರೂ ಬರೆಯುತ್ತಾರೆ. ಶನಿವಾರ, ಭಾನುವಾರ ನಸುಕಿನಲ್ಲಿ ತಪ್ಪಲಿನಿಂದಲೇ ಕಾರು, ಬೈಕುಗಳು ಸಾಲುಗಟ್ಟಿ, ಮೇಲೆ ತಲುಪುವಷ್ಟರಲ್ಲಿ ಬಿಸಿಲೇರಿರುತ್ತದೆ ಎಂದು ಬರೆದವರು ಹೋಗಿ ನೋಡಿ ಬಂದವರು. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯವನ್ನೂ ಅದರ ಕಲ್ಯಾಣಿಯನ್ನೂ ಬಿಟ್ಟು ಮೇಲಿನ ಟಿಪ್ಪು ಡ್ರಾಪ್‌ನ ಕಥೆಯೊಂದನ್ನೇ ಹೇಳಿದವರು ಯಾರದೋ ಬರಹ ನೋಡಿ ಬರೆದವರು. ಕೋಲಾರದ ಚಿನ್ನದ ಗಣಿಯ ಪ್ರಸ್ತಾಪವಿದ್ದರೆ, 2001ರಲ್ಲೇ ಗಣಿಗಾರಿಕೆ ನಿಂತಿತೆಂಬ ಮಾತಿದೆಯೇ? ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಾಲಯಗಳಿಗೆ ಒಂದು ಸಾಲಾದರೂ ಇದೆಯೇ? ಎರಡೂ ಪುಸ್ತಕಗಳ ಲೇಖಕರು ಬೇರೆಯವರು, ನಿಜ. ಆದರೆ ಸಂಪಾದಕರ ಕಟ್ಟುನಿಟ್ಟು ಮಾಲೆಗೆಲ್ಲ ಒಂದೇ. ಗೊತ್ತಿರುವ ಊರಿನಲ್ಲಿ ಉಡಾಫೆ ಮಾಡಿದ ಮಾಲೆಯನ್ನು ಗೊತ್ತಿಲ್ಲದ ಊರಿನಲ್ಲಿ ನಂಬಲು ಕಾರಣವಿಲ್ಲ.

ಇದೇ ಪರೀಕ್ಷೆಯನ್ನು ಲಂಡನ್ ಪುಸ್ತಕದ ಒಳಗೂ ಮಾಡಬಹುದು. ಹೈದರಾಲಿ ಹುಟ್ಟಿದ ಬೂದಿಕೋಟೆ ಕೋಲಾರ ಜಿಲ್ಲೆಯದು. ಟಿಪ್ಪು ಹುಟ್ಟಿದ ದೇವನಹಳ್ಳಿಯ ಸೀಮೆಯಲ್ಲೇ ತಾವು ವಿಮಾನ ಹತ್ತುವುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಸಾಗಿಸಿದ ವಸ್ತುಗಳಲ್ಲಿ ಪ್ರಸಿದ್ಧವಾದ ಟಿಪ್ಪುವಿನ ಹುಲಿ ದಕ್ಷಿಣ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಸೇರಿದೆ. ಮರದ ಹುಲಿಯೊಂದು ಬಿದ್ದಿರುವ ಯೂರೋಪಿಯನ್ ಸೈನಿಕನ ಮೇಲೆರಗಿದೆ. ಪಕ್ಕದ ಹಿಡಿಕೆ ತಿರುವಿದರೆ ಸೈನಿಕನ ಕೈ ಏಳುವಂತೆ, ನರಳುವ ಸದ್ದೂ ಗರ್ಜನೆಯೂ ಕೇಳುವಂತೆ ಒಳಗೆ ಯಂತ್ರವಿದೆ. ಹುಲಿಯ ಹೊಟ್ಟೆಯಲ್ಲೊಂದು ಪುಟ್ಟ ಆರ್ಗನ್ ವಾದ್ಯವೂ ಇದೆ. ಪುಸ್ತಕದ ಕೊನೆಯ ಪದಸೂಚಿಯಲ್ಲಿ ಟಿಪ್ಪುವಿನ ಹೆಸರು ಹುಡುಕಿ, ಅದರ ಬಗ್ಗೆ ಬರೆದದ್ದನ್ನು ಓದಿ. ‘ವಿಚಿತ್ರ ಆಟಿಕೆ’ ಎಂದು ಮುಗಿಸಿದ್ದಾರೆಯೇ, ಅದು ಅಲ್ಲಿಗೆ ಬಂದ ಬಗೆಯನ್ನು ಒಂದು ವಾಕ್ಯದಲ್ಲಾದರೂ ಹೇಳಿದ್ದಾರೆಯೇ ಎಂಬುದರಿಂದ ಆ ಪುಸ್ತಕದ ಇತಿಹಾಸಪ್ರಜ್ಞೆ ತಮಗೆ ಕ್ಷಣದಲ್ಲಿ ತಿಳಿಯುತ್ತದೆ. ಹೆಸರೇ ಇಲ್ಲದಿದ್ದರೂ ಅದೊಂದು ಉತ್ತರವೇ. ಗ್ಯಾಲರಿಗಳನ್ನು ದುರಸ್ತಿಗೆಂದು ಮುಚ್ಚುವುದು, ವಸ್ತುಗಳನ್ನು ಬೇರೆ ಕಡೆ ಇಡುವುದು ಅಲ್ಲಿ ಮಾಮೂಲು. ಆದ್ದರಿಂದ ಹೊರಡುವ ಹಿಂದಿನ ದಿನ ಹುಲಿ ಎಲ್ಲಿದೆಯೆಂದು ಮ್ಯೂಸಿಯಮ್ಮಿನ ಜಾಲತಾಣದಲ್ಲಿ ಮಗನಿಂದ ನೋಡಿಸಿಕೊಳ್ಳಿ. ಇದು ಫೋನಿನ ಕೆಲಸ.

ನಕ್ಷೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಿಂಬದಿಯಲ್ಲಿ ಸುರಂಗ ರೈಲಿನ ಬಣ್ಣಬಣ್ಣದ ನಕ್ಷೆ ಅಚ್ಚು ಹಾಕಿ, ಬೀದಿಯ ನಕ್ಷೆಗೆ ಜಿಪುಣತನ ತೋರಿಸುವ ಪುಸ್ತಕಗಳಿವೆ. 1933ರಲ್ಲಿ ಮೊದಲು ಜನರ ಕೈಗೆ ಬಂದ ಹ್ಯಾರಿ ಬೆಕ್ ಅವರ ಆ ವಿನ್ಯಾಸ ಯಾವ ನಿಲ್ದಾಣವಾದ ಮೇಲೆ ಯಾವುದು ಎಂದು ಹೇಳುತ್ತದೆಯೇ ಹೊರತು ದೂರವನ್ನು ಹೇಳುವುದಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಇರುವುದು ಸುಮಾರು 260 ಮೀಟರ್. ಅಷ್ಟಕ್ಕಾಗಿ ನೆಲದಡಿ ಇಳಿದು, ರೈಲು ಹತ್ತಿ, ಮತ್ತೆ ಮೇಲೆ ಬರುವುದು ಮಂಡಿನೋವಿನವರಿಗೆ ಶಿಕ್ಷೆ. ಅದರಲ್ಲೂ ಕಾವೆಂಟ್ ಗಾರ್ಡನ್‌ನಲ್ಲಿ ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹಿಡಿದರೆ 193 ಸುತ್ತುಮೆಟ್ಟಿಲು ಏರಬೇಕು. ಇಂಥದ್ದನ್ನು ಎಚ್ಚರಿಸುವ ಪುಸ್ತಕ ಒಳ್ಳೆಯದು. ಬೀದಿಯ ಹೆಸರುಗಳು ತಮ್ಮ ಮಾಮೂಲಿ ಕನ್ನಡಕದಲ್ಲಿ ಓದಲು ಬರುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಜೇಬಿಗೆ ಹಿಡಿಯುವ ಪುಟ್ಟ ಪುಸ್ತಕಗಳು ಅರುವತ್ತು ದಾಟಿದವರ ಕೈಯಲ್ಲಿ ಸೋಲುವುದು ಇಲ್ಲಿಯೇ. ನಡುನಗರದ ರಸ್ತೆಗಳಲ್ಲಿ ‘ಲೆಜಿಬಲ್ ಲಂಡನ್’ ಎಂಬ ನಕ್ಷೆಫಲಕಗಳು ಅಲ್ಲಲ್ಲಿ ನಿಂತಿವೆ; ನಿಂತ ಜಾಗದಿಂದ ಐದು ನಿಮಿಷ, ಹದಿನೈದು ನಿಮಿಷ ನಡೆದರೆ ಎಲ್ಲಿಗೆ ತಲುಪಬಹುದೆಂದು ವೃತ್ತ ಬರೆದು ತೋರಿಸುತ್ತವೆ. ಪುಸ್ತಕದ ನಕ್ಷೆ ಕೈಕೊಟ್ಟಾಗ ಇವು ಆಸರೆ.

ಸಂಚಾರದ ಪುಟದಲ್ಲಿ ಏನಿದೆಯೆಂದು ನೋಡುವುದೂ ಒಂದು ಪರೀಕ್ಷೆಯೇ. ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ; ಆಯ್ಸ್ಟರ್ ಎಂಬ, ಮೊದಲೇ ಹಣ ತುಂಬಿಸಿಡುವ ಪ್ರಯಾಣದ ಕಾರ್ಡ್ ಅಥವಾ ಮುಟ್ಟಿಸಿ ಪಾವತಿಸುವ ಬ್ಯಾಂಕ್ ಕಾರ್ಡ್ ಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು, ದಿನವೊಂದಕ್ಕೆ ಇಷ್ಟು ಮೀರಿ ಕಡಿತವಾಗದೆಂಬ ಮಿತಿಯಿದೆ. ಅರುವತ್ತು ದಾಟಿದವರ ಉಚಿತ ಪ್ರಯಾಣದ ಕಾರ್ಡು ಅಲ್ಲಿಯ ನಿವಾಸಿಗಳಿಗೆ ಮಾತ್ರ, ಭೇಟಿಗೆ ಬಂದವರಿಗೆ ಇಲ್ಲ. ಎಲಿಜಬೆತ್ ಲೈನ್‌ನ ನಿಲ್ದಾಣಗಳಲ್ಲಿ ಬೀದಿಯಿಂದ ಪ್ಲಾಟ್‌ಫಾರ್ಮಿಗೆ ಮೆಟ್ಟಿಲಿಲ್ಲದೆ ಹೋಗಬಹುದು, ಹಳೆಯ ಸುರಂಗ ರೈಲಿನ ಹೆಚ್ಚಿನ ನಿಲ್ದಾಣಗಳಲ್ಲಿ ಆ ಅನುಕೂಲವಿಲ್ಲ. ಇವಿಷ್ಟನ್ನೂ ಸ್ಪಷ್ಟವಾಗಿ ಹೇಳಿರುವ ಪುಸ್ತಕ ತಮ್ಮಂಥವರನ್ನೂ ನೆನೆದು ಬರೆದದ್ದು. ಇಲ್‌ಫರ್ಡ್‌ನಿಂದ ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ಗೆ ನೇರವಾಗಿ ರೈಲಿದೆ, ಅಲ್ಲಿಂದ ಬ್ರಿಟಿಷ್ ಮ್ಯೂಸಿಯಂ ನಡಿಗೆಯ ದೂರ. ಈ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಹುಲಿಯಿರುವ ಮ್ಯೂಸಿಯಂ ಎಲ್ಲಕ್ಕೂ ಪ್ರವೇಶ ಉಚಿತ. ಹಾಗಾಗಿ ‘ಎಲ್ಲವೂ ಒಂದೇ ಪಾಸಿನಲ್ಲಿ’ ಎಂದು ಪುಟಗಟ್ಟಲೆ ಹೊಗಳುವ ಪುಸ್ತಕದ ಮಾತಿಗೆ ಮರುಳಾಗದೆ, ಹಣ ಕೊಟ್ಟು ನೋಡಬೇಕಾದ ಜಾಗಗಳಲ್ಲಿ ತಮಗೆ ನಿಜವಾಗಿ ಬೇಕಾದವು ಎಷ್ಟೆಂದು ಮೊದಲು ಎಣಿಸಿಕೊಳ್ಳಿ.

ಊಟದ ಬಗ್ಗೆ ಪುಸ್ತಕವನ್ನು ಹೆಚ್ಚು ನೆಚ್ಚಬೇಡಿ. ಹೋಟೆಲುಗಳು ಮುಚ್ಚುವ, ಕೈ ಬದಲಾಗುವ ವೇಗಕ್ಕೆ ಯಾವ ಮುದ್ರಣವೂ ಸಾಟಿಯಾಗದು. ಒಂದು ಎಚ್ಚರ ಮಾತ್ರ ಮುಖ್ಯ: ಅಲ್ಲಿ ವೆಜಿಟೇರಿಯನ್ ಎಂದು ಬರೆದದ್ದರಲ್ಲಿ ಮೊಟ್ಟೆ ಇರಬಹುದು, ವೀಗನ್ ಎಂದರೆ ಮೊಟ್ಟೆಯ ಜೊತೆಗೆ ಹಾಲು, ಬೆಣ್ಣೆಯೂ ಇರುವುದಿಲ್ಲ. ಪುಸ್ತಕದ ಸಸ್ಯಾಹಾರದ ಗುರುತನ್ನು ನೋಡಿ ಒಳಗೆ ಹೋದರೂ ಮೊಟ್ಟೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲೇಬೇಕು. ಇಡ್ಲಿ, ದೋಸೆ ಬೇಕೆನಿಸಿದ ದಿನಕ್ಕೆ ಈಸ್ಟ್ ಹ್ಯಾಮ್ ಇಲ್‌ಫರ್ಡ್‌ನಿಂದ ದೂರವಿಲ್ಲ. ಪ್ರವಾಸಿಗರು ಸುಳಿಯದ ಬಡಾವಣೆಯಾದ್ದರಿಂದ ಗೈಡ್ ಪುಸ್ತಕಗಳು ಅದರ ತಂಟೆಗೆ ಹೋಗುವುದು ಅಪರೂಪ.

ಪುಸ್ತಕದಲ್ಲಿ ಇಲ್ಲದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ತಾವೇ ಬರೆದುಕೊಳ್ಳಬೇಕು. ಥೇಮ್ಸ್ ನದಿಯ ದಕ್ಷಿಣ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಬೇರೆ ದೇಶದವರಿಗಾಗಿ ಬರೆದ ಪುಸ್ತಕ ಅದನ್ನು ಬಿಟ್ಟಿದ್ದರೆ ದೂರುವಂತಿಲ್ಲ. ಪಾರ್ಲಿಮೆಂಟ್ ನೋಡಿದ ದಿನವೇ ಸೇತುವೆ ದಾಟಿ ನದಿಯ ದಡದಲ್ಲಿ ನಿಧಾನವಾಗಿ ನಡೆದರೆ ಅದೂ ಆಗುತ್ತದೆ, ದಾರಿ ಸಮತಟ್ಟು.

ಒಟ್ಟಿನಲ್ಲಿ ತಮಗೆ ನನ್ನ ಆಯ್ಕೆ ಡಿಕೆ ಐವಿಟ್ನೆಸ್‌ನ ಲಂಡನ್ ಪುಸ್ತಕ, ಮೇಲಿನ ಮೂರು ಗುರುತುಗಳಲ್ಲಿ ಪಾಸಾದ ಆವೃತ್ತಿ. ಬಡಾವಣೆವಾರು ನಕ್ಷೆ, ಮಹಡಿವಾರು ಚಿತ್ರ ಎರಡೂ ಇರುವುದರಿಂದ ತಮ್ಮ ಮನೆಯವರೂ ಹಿಂದಿನ ರಾತ್ರಿಯೇ ನೋಡಿ, ಎಲ್ಲಿ ಕೂರಬಹುದು, ಯಾವುದನ್ನು ಬಿಡಬಹುದು ಎಂದು ತಾವೇ ಹೇಳಬಲ್ಲರು. ಇಬ್ಬರು ಓದುವ ಪುಸ್ತಕವನ್ನು ಒಬ್ಬರ ರುಚಿಗೆ ಆರಿಸಬಾರದು. ತಮ್ಮ ಇತಿಹಾಸದ ಹಸಿವಿಗೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಲ್ಲಿ ಬ್ಲೂ ಗೈಡ್ ಅಥವಾ ರಫ್ ಗೈಡ್‌ನ ಯಾವುದಾದರೂ ಹಳೆಯ ಆವೃತ್ತಿಯನ್ನು ಹುಡುಕಿ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಮಾನುಗಳ ವಿವರ ಹತ್ತು ವರ್ಷದಲ್ಲಿ ಹಳಸುವುದಿಲ್ಲ. ಅದರ ಸಮಯ, ಶುಲ್ಕದ ಸಾಲುಗಳನ್ನು ಮಾತ್ರ ಹೊಡೆದುಹಾಕಿಬಿಡಿ. ಹೊರಡುವ ಮುನ್ನ ಚಿಂತಾಮಣಿಯಲ್ಲೇ ಅದನ್ನು ಓದಿ ಮುಗಿಸಿದರೆ ಚೀಲದಲ್ಲಿ ಹೊರುವ ಕಷ್ಟವೂ ಇಲ್ಲ. ಫೋನಿನಲ್ಲಿ ನೆಟ್ ಇಲ್ಲದಾಗಲೂ ತೆರೆಯುವಂತೆ ಲಂಡನ್ ನಕ್ಷೆಯನ್ನು ಮಗನ ಮನೆಯ ವೈಫೈಯಲ್ಲಿ ಇಳಿಸಿಟ್ಟುಕೊಳ್ಳಿ.

ದಿನಗಳನ್ನು ಹಂಚುವಾಗ ಕ್ಯಾಲೆಂಡರ್ ಪಕ್ಕದಲ್ಲಿರಲಿ. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರಗಳು ಅಲ್ಲಿ ಸಾರ್ವಜನಿಕ ರಜೆ, ಕೊನೆಯ ವಾರ ಸಾಮಾನ್ಯವಾಗಿ ಶಾಲೆಗಳಿಗೂ ರಜೆ. ಆ ವಾರ ಡೈನೊಸಾರ್‌ಗಳಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಕಡೆ ತಲೆ ಹಾಕಬೇಡಿ, ಮಕ್ಕಳ ಜಾತ್ರೆ ನೆರೆದಿರುತ್ತದೆ. ಬ್ರಿಟಿಷ್ ಮ್ಯೂಸಿಯಂ ಶುಕ್ರವಾರಗಳಂದು ರಾತ್ರಿ ಎಂಟೂವರೆಯವರೆಗೂ ತೆರೆದಿರುತ್ತದೆ. ಸಂಜೆ ಜನ ಕರಗಿದ ಮೇಲೆ, ಮನೆಯಲ್ಲಿ ವಿಶ್ರಾಂತಿ ಪಡೆದು ಐದರ ಹೊತ್ತಿಗೆ ಹೋದರೆ ಅಮರಾವತಿಯ ಶಿಲ್ಪಗಳ ಮುಂದೆ ನಿಲ್ಲಲು ಜಾಗ ಸಿಗುತ್ತದೆ.